ಮಾತಿನ ಮನೆತನ

"ಬೇರಿನ ಕಟ್ಟು ಹಿಡ್ಕೊಂಡು ಆ ಡಾಕ್ಟರ ಮನೆಗೆ ಯಾಕೆ ಹೋದೆ ಅಪ್ಪ? ನಿನ್ನನ್ನ ಯಾರು ಕರೆದಿದ್ರು?"

"ಕರೆಯೋದೇನು? ನನ್ನ ಮಗಳ ವಿಷಯ, ನನ್ನ ಕಾಲು, ಹೋದೆ."

"ನನ್ನ ಸಂದರ್ಶನ ಮಾಡಿದವರೇ ಅವರು! ತೀರ್ಮಾನ ಬರೋ ಮುಂಚೆ ಅವರ ಮನೆಗೆ ಹೋದ್ರೆ ಏನಂತಾರೆ ಗೊತ್ತಾ? ಲಂಚ ಅಂತಾರೆ, ಲಂಚ!"

"ಬಾಯಿ ಮುಚ್ಚೇ! ಗೌರವಕ್ಕೆ ಕೊಡೋ ಯಂಗೋನ ಬೇರಿಗೆ ಲಂಚ ಅಂತಾಳೆ. ನೋಡೇ ಲಿಟಿಯಾ, ನೀನು ಹೆತ್ತ ಮಗಳು!"

ಲಿಟಿಯಾ ಮರಗೆಣಸು ಸುಲಿಯುತ್ತ ಕೂತಿದ್ದವಳು ತಲೆ ಎತ್ತಲಿಲ್ಲ. "ಪರೀಕ್ಷೆ ಪಾಸಾದ್ರೆ ನಿಮ್ಮ ಮಗಳು. ತಿರುಗಿ ಮಾತಾಡಿದ್ರೆ ನಾನು ಹೆತ್ತವಳು," ಎಂದಳು.

ಸುವಾ ಪಟ್ಟಣದ ಮೆಡಿಕಲ್ ಕಾಲೇಜಿನಿಂದ ಮಗಳು ಉನಾಯ್ಸಿಗೆ ಆಗತಾನೇ ಫೋನ್ ಬಂದಿತ್ತು. ಅವಳ ಜೊತೆ ಸಂದರ್ಶನ ಕೊಟ್ಟವರಿಗೆಲ್ಲ ಅಂದು ಬೆಳಿಗ್ಗೆ ಹೌದು ಅಥವಾ ಇಲ್ಲ ಎಂದು ತಿಳಿದಾಗಿತ್ತು. ಇವಳಿಗೆ ಎರಡೂ ಇಲ್ಲ. ಅಪ್ಪ ಎಪೆರಾಮಾ ಸೀಟು ಕೇಳಲು ಡಾಕ್ಟರ್ ವಾಟಿಸೋನಿಯ ಮನೆಗೆ ಹೋಗಿದ್ದನೆಂದು ಯಾರೋ ದೂರು ಕೊಟ್ಟಿದ್ದರಂತೆ. ನಾಳೆ ಅಪ್ಪನನ್ನೇ ಕರೆದುಕೊಂಡು ಬಾ. ಬರೀ ಗೌರವಕ್ಕೆ ಹೋಗಿದ್ದರೆ ತೊಂದರೆಯಿಲ್ಲ, ಸಂದರ್ಶನದ ಅಂಕ ಹಾಗೇ ಉಳಿಯುತ್ತದೆ. ಸೀಟು ಕೇಳಿದ್ದು ನಿಜವಾದರೆ ನಿನ್ನ ಹೆಸರು ಹೊಡೆದುಹಾಕುತ್ತೇವೆ ಎಂದಿದ್ದರು.

"ದೂರು ಕೊಟ್ಟಿದ್ಯಾರು? ಹೆಸರು ಹೇಳು, ಹಲ್ಲು ಉದುರಿಸ್ತೀನಿ," ಎಂದ ಎಪೆರಾಮಾ.

"ಯಾರಾದ್ರೂ ಆಗಬಹುದು. ಚರ್ಚಿನ ಹಾಡಿನ ಗುಂಪಿನ ಮುಂದೆ ಅಮ್ಮ ಜಂಬ ಕೊಚ್ಚಿದಾಳಲ್ಲ, ನಮ್ಮೋರು ಹೋಗಿ ಕೇಳಿದ್ರು, ಡಾಕ್ಟ್ರು ಬೇರು ಮುಟ್ಟಿದ್ರು, ಸೀಟು ಆದ ಹಾಗೇ ಅಂತ."

ಲಿಟಿಯಾಳ ಚಾಕು ನಿಂತಿತು. "ನನಗೆ ಹೇಳಿದ್ದು ನಿಮ್ಮಪ್ಪಾನೇ. ನಾನು ಕನಸು ಕಂಡೆನಾ?"

ಸಂದರ್ಶನ ಮುಗಿದಾಗ ಅಂಗಳದ ಮಾವಿನಕಾಯಿ ಇನ್ನೂ ಹಸಿರಾಗಿತ್ತು. ಈಗ ಹಣ್ಣು ಉದುರಿ ಕೊಳೆತು ನೊಣ ಮುತ್ತುತ್ತಿತ್ತು. ಅಷ್ಟೂ ದಿನ ಹುಡುಗಿ ಬಚ್ಚಲಿಗೂ ಫೋನ್ ಹಿಡಿದುಕೊಂಡೇ ಹೋಗುತ್ತಿದ್ದಳು. ನೆಂಟರು ಫೋನ್ ಮಾಡಿದರೆ "ಇಡ್ರೀ, ಇಡ್ರೀ!" ಎಂದು ಕಿರುಚುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವಳು, ಆಮೇಲೆ ಡಬ್ಬಿ ಮೀನನ್ನು ನಿಂತುಕೊಂಡೇ ತಿನ್ನುವಳು. ಭಾನುವಾರ ಬಂತೆಂದರೆ ಚರ್ಚಿನ ಮೆಟ್ಟಿಲ ಮೇಲೆ ಒಬ್ಬರಲ್ಲ ಒಬ್ಬರು, "ಏನಾಯ್ತು ನಿಮ್ಮ ಡಾಕ್ಟರಮ್ಮಂದು?" ಎಂದು ಹಲ್ಲು ಕಿರಿಯುವರು. ಎಪೆರಾಮಾ ಬಡಗಿ. ಆ ದಿನಗಳಲ್ಲಿ ಅವನು ಹೊಡೆದ ಮೊಳೆಗಳೆಲ್ಲ ಸೊಟ್ಟಗಾದವು. ಇದೆಂಥ ಜನ! ಹುಡುಗಿಯನ್ನು ಕೂರಿಸಿ ಪ್ರಶ್ನೆ ಕೇಳಿದ ಮೇಲೆ ಒಂದು ಉತ್ತರ ಕೊಡಬೇಡವೇ? ಅವನ ಊರಿನಲ್ಲಿ, ಕುಟ್ಟಿ ನೀರಿಗೆ ಬೆರೆಸಿ ಕುಡಿಯುವ ಯಂಗೋನ ಬೇರು ಮುಂದಿಟ್ಟು ಏನಾದರೂ ಕೇಳಿದರೆ, ಚಾಪೆಯಿಂದ ಏಳುವುದರೊಳಗೆ ಉತ್ತರ ಸಿಗುತ್ತಿತ್ತು. ಎದುರಿನವನು ಬೇರು ಮುಟ್ಟಿ ಚಪ್ಪಾಳೆ ತಟ್ಟಿದರೆ ಮುಗಿಯಿತು, ಒಪ್ಪಿದಂತೆಯೇ.

ಹಾಗೆಂದೇ ಅವನು ಹೋಗಿದ್ದ. ವಾಟಿಸೋನಿ ಬೇರೆಯವನೂ ಅಲ್ಲ, ತೌವು. ಇಬ್ಬರ ಊರಿಗೂ ಮೂಲದೈವ ಒಂದೇ. ತೌವುಗಳು ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಆಡಿಕೊಳ್ಳಬಹುದು, ಹಗ್ಗದ ಮೇಲೆ ಒಣಗಿದ ಅಂಗಿಯನ್ನು ಹಾಕಿಕೊಂಡು ಹೋಗಬಹುದು. ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ.

ಎಪೆರಾಮಾನ ಮನೆತನಕ್ಕೆ ಇನ್ನೊಂದು ಹೆಮ್ಮೆಯಿತ್ತು. ಊರ ನಾಯಕನ ಪರವಾಗಿ ಬೇರು ಹಿಡಿದು ಮಾತಾಡುವ ಮನೆತನ ಅದು. ಅವನಪ್ಪ ಮಾತಿಗೆ ನಿಂತರೆ ಕೋಳಿಯೂ ಕೂಗುತ್ತಿರಲಿಲ್ಲವೆಂದು ಈಗಲೂ ಊರಲ್ಲಿ ಹೇಳುತ್ತಾರೆ. ಅದಕ್ಕೇ ಅವನು ಆ ದಿನ ಡಾಕ್ಟರ ಚಾಪೆಯ ಮೇಲೆ ಕೂತು ಕ್ರಮಪ್ರಕಾರ ಶುರುಮಾಡಿದ. ಮೊದಲು ವಾಟಿಸೋನಿಯ ಹಿರಿಯರ ಹೆಸರು ಹೇಳಿದ. ತಾನು ಬಂದ ದಾರಿ ಹೇಳಿದ. ತಂದ ಬೇರು ಸಣ್ಣದು, ಮನ್ನಿಸಬೇಕು ಎಂದ. ಇನ್ನು ಮಗಳ ಹೆಸರು ಬರಬೇಕು, ಅಷ್ಟರಲ್ಲಿ ವಾಟಿಸೋನಿ ಕೈಚಾಚಿ ಬೇರು ಮುಟ್ಟಿ ಚಪ್ಪಾಳೆ ತಟ್ಟಿಬಿಟ್ಟ. "ಬಂದದ್ದು ಸಂತೋಷ ಕಣೋ," ಎಂದು ಕರಟಕ್ಕೆ ಯಂಗೋನ ತುಂಬಿಸಿದ. ಬೇರು ಮುಟ್ಟಿದ ಮೇಲೆ ಮಾತು ಮುಂದುವರಿಸುವಂತಿಲ್ಲ. ಸೀಟಿನ ಮಾತು ಬಾಯಲ್ಲೇ ಉಳಿಯಿತು. ಎಪೆರಾಮಾ ಕುಡಿದು, ಚಂಡಮಾರುತದ ಸುದ್ದಿ ಮಾತಾಡಿ, ಎದ್ದು ಬಂದ.

"ಕೇಳಿದ್ರಾ?" ಎಂದಿದ್ದಳು ಲಿಟಿಯಾ. ಮಾತಿನ ಮನೆತನದವನು ಅರ್ಧ ಮಾತಾಡಿ ಬಂದೆ ಎಂದು ಹೇಗೆ ಹೇಳುತ್ತಾನೆ? "ಕೇಳಿದೆ. ಬೇರು ಮುಟ್ಟಿದ," ಎಂದಿದ್ದ.

ಈಗ ಉನಾಯ್ಸಿ ಅವನ ಮುಂದೆ ಬಂದು ಕೂತಳು. ದನಿ ತಗ್ಗಿತ್ತು. "ಅಪ್ಪ, ನಾಳೆ ಒಂದೇ ಒಂದು ಮಾತು ಹೇಳು. ಕೇಳಲಿಲ್ಲ ಅನ್ನು. ಸುಳ್ಳಾದ್ರೂ ಸರಿ, ನನಗೋಸ್ಕರ."

ಅದು ಸುಳ್ಳಲ್ಲವೆಂದು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. "ನೋಡೋಣ," ಎಂದು ಅಂಗಳಕ್ಕೆ ಹೋದ.

ಮರುದಿನ ಬಸ್ಸಿನಲ್ಲಿ ಅವನು ಗಟ್ಟಿ ಮನಸ್ಸು ಮಾಡಿದ. ಕೇಳಲಿಲ್ಲ ಎನ್ನುವುದು, ಎದ್ದು ಬರುವುದು. ಅಷ್ಟಕ್ಕೆ ಮಗಳು ಡಾಕ್ಟರಾಗುತ್ತಾಳೆ. ಇಸ್ತ್ರಿ ಮಾಡಿದ ಸುಲು ಪಂಚೆ ಉಟ್ಟಿದ್ದ, ತಲೆಗೆ ಎಣ್ಣೆ ಹಚ್ಚಿದ್ದ.

ಕಾಲೇಜಿನ ಕೋಣೆಯಲ್ಲಿ ಕನ್ನಡಕದ ಹೆಂಗಸೊಬ್ಬಳು ಅಧಿಕಾರಿಯ ಕುರ್ಚಿಯಲ್ಲಿದ್ದಳು. ಪಕ್ಕದಲ್ಲಿ ಗುಮಾಸ್ತ, ಕಿಟಕಿಯ ಬಳಿ ವಾಟಿಸೋನಿ. ಉನಾಯ್ಸಿ ಅಪ್ಪನ ಪಕ್ಕ ಕೂತು ಬೆರಳು ಹಿಸುಕಿಕೊಳ್ಳುತ್ತಿದ್ದಳು.

"ನೀವು ಡಾಕ್ಟರ ಮನೆಗೆ ಹೋಗಿದ್ದು ನಿಜಾನಾ?" ಎಂದಳು ಅಧಿಕಾರಿ.

"ನಿಜ."

"ಮಗಳಿಗೆ ಸೀಟು ಕೊಡಿ ಅಂತ ಕೇಳಿದ್ರಾ?"

ಎಪೆರಾಮಾ ಬಾಯಿ ತೆರೆದ. ಅಷ್ಟರಲ್ಲಿ ವಾಟಿಸೋನಿ ಗಹಗಹಿಸಿ ನಕ್ಕ.

"ಕೇಳೋಕೆ ಬಾಯಿ ಬಂದ್ರೆ ತಾನೇ ಮೇಡಂ! ಇವನು ನನ್ನ ತೌವು. ಹೇಳಿಕೊಳ್ಳೋಕೆ ಮಾತಿನ ಮನೆತನ. ನಮ್ಮಜ್ಜನ ಹೆಸರು ಹೇಳೋ ಹೊತ್ತಿಗೇ ಬೆವರು ಕಿತ್ಕೊಂಡು ಬಂತು, ದಿಬ್ಬ ಹತ್ತದ ಬಸ್ಸಿನ ಥರ ಅರ್ಧದಲ್ಲೇ ನಿಂತುಹೋಯ್ತು. ಅಯ್ಯೋ ಪಾಪ ಅಂತ ನಾನೇ ಬೇರು ಮುಟ್ಟಿ ಮಾನ ಉಳಿಸಿದೆ. ಸೀಟಿನ ಮಾತು ಎತ್ತಲೇ ಇಲ್ಲ. ಅಲ್ವೇನೋ ಮೂಗಾ?"

ಗುಮಾಸ್ತ ಕಿಸಕ್ಕೆಂದ. ಅಧಿಕಾರಿಯ ತುಟಿಯೂ ಸಡಿಲವಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಉನಾಯ್ಸಿ ನಕ್ಕಳು. ಎಷ್ಟೋ ದಿನದ ಮೇಲೆ, ಎದೆಯ ಭಾರ ಇಳಿದಂತೆ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಎಪೆರಾಮಾನ ಕಿವಿ ಬಿಸಿಯಾಯಿತು. ತೌವು ಆಡಿಕೊಂಡರೆ ತಾನೂ ಎರಡು ಆಡಿ ನಗಬೇಕು, ಅದು ಅವನಿಗೆ ಗೊತ್ತಿತ್ತು. ಇವನು ತನ್ನನ್ನು ಕಾಪಾಡಲೆಂದೇ ಹೀಗೆ ಆಡುತ್ತಿದ್ದಾನೆ, ಅದೂ ಗೊತ್ತಿತ್ತು. ಆದರೆ ಮಗಳ ಮುಂದೆ, ಮಾತಿಗೆ ಹೆಸರಾದ ಅಪ್ಪನ ಮಗನಿಗೆ, ಮೂಗಾ!

"ಯಾರೋ ಅರ್ಧಕ್ಕೆ ನಿಂತೋನು?" ಎಂದು ಮೇಜು ಗುದ್ದಿದ. "ನಮ್ಮ ಮನೆತನದಲ್ಲಿ ಅರ್ಧ ಮಾತಾಡಿದೋನು ಇನ್ನೂ ಹುಟ್ಟಿಲ್ಲ! ಪೂರ್ತಿ ಹೇಳಿದೀನಿ. ನನ್ನ ಮಗಳಿಗೆ ಸೀಟು ಬೇಕು ಅಂತ ಬಾಯಿ ಬಿಟ್ಟೇ ಕೇಳಿದೀನಿ. ಆಮೇಲೇ ನೀನು ಬೇರು ಮುಟ್ಟಿದ್ದು!"



"ಲೋ ಎಪೆರಾಮಾ, ತಮಾಷೆ ಮಾಡಿದೆ ಕಣೋ," ಎಂದ ವಾಟಿಸೋನಿ. "ನೀನು ಕೇಳಲಿಲ್ಲ. ಅದು ದೇವರಾಣೆಗೂ ನಿಜ."

ಅಧಿಕಾರಿ ಕನ್ನಡಕ ತೆಗೆದಳು. "ಇನ್ನೊಂದು ಸಲ ಕೇಳ್ತೀನಿ. ಯೋಚನೆ ಮಾಡಿ ಹೇಳಿ. ಸೀಟು ಕೇಳಿದ್ರಾ?"

"ಅಪ್ಪ," ಎಂದಳು ಉನಾಯ್ಸಿ. ಅವನ ತೋಳು ಹಿಡಿದಳು. "ಸರ್ ಹೇಳ್ತಿರೋದು ನಿಜಾನಾ? ನೀನು ಕೇಳಲೇ ಇಲ್ವಾ?"

ಗುಮಾಸ್ತ ಇನ್ನೂ ತುಟಿ ಕಚ್ಚಿ ನಗು ತಡೆಯುತ್ತಿರುವಂತೆ ಎಪೆರಾಮಾನಿಗೆ ಕಂಡಿತು.

"ಕೇಳಿದೀನಿ ಅಂದ್ನಲ್ಲ," ಎಂದ.

ಉನಾಯ್ಸಿ ಅವನ ತೋಳು ಬಿಟ್ಟಳು. ಅವನ ಮುಖವನ್ನೇ ನೋಡಿದಳು. ಅವನಿಗೆ ರೆಪ್ಪೆ ಎತ್ತಲಾಗಲಿಲ್ಲ. ಅವನು ಕೇಳಿರಲಿಲ್ಲವೆಂದು ತಿಳಿಯಲು ಅಷ್ಟು ಸಾಕಾಯಿತು ಅವಳಿಗೆ.

"ನಿನ್ನ ಮನೆತನ ನೀನೇ ಇಟ್ಕೋ," ಎಂದು ಎದ್ದಳು. ಬಾಗಿಲು ದಾಟಿ ಹೋದಳು.

ಸಿಟ್ಟು ತಣ್ಣಗಾದ ಮೇಲೆ ಬರುತ್ತಾಳೆ ಎಂದುಕೊಂಡು ಅವನು ಮೊಗಸಾಲೆಯ ಬೆಂಚಿನ ಮೇಲೆ ಕೂತ. ಅವಳು ಬಂದರೆ ಮತ್ತೆ ಒಳಗೆ ಕರೆದುಕೊಂಡು ಹೋಗಿ ನಿಜ ಹೇಳಿಬಿಡುವುದೆಂದು ಲೆಕ್ಕ ಹಾಕಿದ. ಅಧಿಕಾರಿ ಊಟಕ್ಕೆ ಹೋಗಿ ಬಂದಳು, ಅವನತ್ತ ನೋಡಲಿಲ್ಲ. ವಾಟಿಸೋನಿ ಒಮ್ಮೆ ಹತ್ತಿರ ಬಂದು ನಿಂತು, ತಿರುಗಿ ಹೋದ. ಕೊನೆಗೆ ಕಾವಲುಗಾರ ಬಂದು ಕಿಟಕಿಗಳನ್ನು ಎಳೆದು ಮುಚ್ಚುತ್ತ, "ಯಾರಿಗೆ ಕಾಯ್ತಿದೀರಣ್ಣ?" ಎಂದ.

"ಮಗಳಿಗೆ. ಈಗ ಬರ್ತಾಳೆ," ಎಂದ ಎಪೆರಾಮಾ.

ಅವಳು ಬರಲಿಲ್ಲ. ಮನೆಗೂ ಬರಲಿಲ್ಲ.