ಬಿಸಿಲಿಗಿಟ್ಟ ಹಾಡು

ಗೇಟಿನ ಸದ್ದಾಯಿತು, ಅಲೆಕ್ಸ್ ರೆಕಾರ್ಡಿನ ಮೇಲಿಂದ ಗ್ರಾಮಫೋನಿನ ಮುಳ್ಳೆತ್ತಿದ. ಬೆಳಗಿನ ಆರು ಗಂಟೆಯ ಪೂಜೆ ಮುಗಿಸಿ ಹೆಂಡತಿ ಪ್ರೆಸಿಲ್ಲಾ ಕಲ್ಯಾಣಪುರದ ಇಗರ್ಜಿಯಿಂದ ಬಂದಿದ್ದಳು. ಅವಳು ಚಪ್ಪಲಿ ಕಳಚುವುದರೊಳಗೆ ರೆಕಾರ್ಡು ಅಮ್ಮನ ಕಂಬಳಿಯ ಮಡಿಕೆಯೊಳಗೆ ಸೇರಿತು.

ಅಮ್ಮ ಸತ್ತು ಎರಡು ತಿಂಗಳು. ವರ್ಷ ತುಂಬುವ ತನಕ ಮನೆಯಲ್ಲಿ ಹಾಡಿಲ್ಲ, ಕ್ರಿಸ್ಮಸ್ಸಿಗೆ ತಿಂಡಿಯಿಲ್ಲ. ಸತ್ತವಳ ಬಟ್ಟೆಯನ್ನೂ ಯಾರೂ ಮುಟ್ಟುವುದಿಲ್ಲ. ಮಣಿಪಾಲದಲ್ಲಿ ಡಾಕ್ಟರಾಗುವವರಿಗೆ ಪಾಠ ಹೇಳುವ ಮಹಾಶಯ ಕದ್ದು ಬೆಲ್ಲ ತಿನ್ನುವವನ ಹಾಗೆ ಹಾಡು ಕೇಳುತ್ತಿದ್ದ.

ತಮ್ಮ ದೇಶಕ್ಕೆ ಮರಳಿದ ವಿದೇಶಿ ಡಾಕ್ಟರೊಬ್ಬರು ಬಿಟ್ಟುಹೋದ ರೆಕಾರ್ಡು. ಯಾರೋ ಒಬ್ಬ ತಾನೇ ಕಟ್ಟಿದ ಹಾಡುಗಳನ್ನು ಗಿಟಾರು ಹಿಡಿದು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ದನಿಯಲ್ಲಿ ಹಾಡಿದ್ದ. ಸಾಲುಗಳ ನಡುವೆ ಅವನು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಆ ಡಿಸೆಂಬರಿನ ಚಳಿಯಲ್ಲಿ ಅಲೆಕ್ಸನಿಗೆ ಬೆಚ್ಚಗೆನಿಸುತ್ತಿದ್ದದ್ದು ಅಲ್ಲಿ ಮಾತ್ರ. ಮೂರನೆಯ ಹಾಡಿಗೆ ಗಂಟಲು ಕಟ್ಟುತ್ತಿತ್ತು. ಅಮ್ಮನ ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗಲೂ ಕಟ್ಟದ ಗಂಟಲು. ಇನ್ನೊಂದು ಸಲ ಕೇಳಿದರೆ ಅತ್ತೇನು ಎಂದು ದಿನವೂ ಕಾಯುತ್ತಿದ್ದ.

"ಎಂತ ಮಾಡ್ತಿದ್ರಿ?"

"ಎಂತದೂ ಇಲ್ಲ. ಕಾಫಿ ಉಂಟಾ?"

ಕಾಲೇಜಿನಲ್ಲಿ ಶ್ವಾಸಕೋಶದ ಪಾಠ. ಉಸಿರು ಒಳಗೆ, ಉಸಿರು ಹೊರಗೆ; ಹಲಗೆಯ ಮೇಲೆ ಬಾಣ ಬರೆದು ಬರೆದು ಸುಸ್ತಾಯಿತು. ಜೊತೆಯ ಮೇಷ್ಟ್ರು ಶೇಖರ, "ನೀವು ಗಟ್ಟಿ ಮಾರಾಯ್ರೆ. ತಾಯಿ ತೀರಿಕೊಂಡ ವಾರದಲ್ಲೇ ಕ್ಲಾಸು ತೆಗೊಂಡವರು" ಎಂದ. ಅಲೆಕ್ಸ್ ನಕ್ಕ. ನಕ್ಕದ್ದಕ್ಕೆ ನಾಚಿಕೆಯಾಯಿತು.

ಸಂಜೆ ಬಸ್ಸಿಳಿದು ಬಂದರೆ ಅಂಗಳದ ಹಗ್ಗದ ಮೇಲೆ ಅಮ್ಮನ ಕಂಬಳಿ. ಅವನು ಹೋಗಿ ಅದರೊಳಗೆ ಕೈಯಾಡಿಸಿದ.

"ಚಳಿ ಜೋರುಂಟು, ಹೊದೆಯಲಿಕ್ಕೆ ಬೇಕಲ್ವಾ? ಅತ್ತೆ ಬೈಯಲಿಕ್ಕಿಲ್ಲ" ಎಂದಳು ಪ್ರೆಸಿಲ್ಲಾ. ಕಂಬಳಿ ತೆಗೆದು ಮಡಚುತ್ತಾ, "ಒಳಗೆ ನಿಮ್ಮ ರೆಕಾರ್ಡಿತ್ತು. ಬೂಷ್ಟು ಹಿಡಿದಿತ್ತು. ಒರೆಸಿ ಅದಕ್ಕೂ ಬಿಸಿಲು ತೋರಿಸಿದೆ" ಎಂದಳು.

ಮಳೆಗಾಲ ಕಳೆದ ಮೇಲೆ ಚಾಪೆ, ಚಪ್ಪಲಿ, ಜಪದ ಪುಸ್ತಕ ಎಲ್ಲವನ್ನೂ ಬಿಸಿಲಿಗಿಡುವ ಕೈ ಅವಳದು. ಬಾವಿಕಟ್ಟೆಯ ಮೇಲೆ ರೆಕಾರ್ಡು ಹಪ್ಪಳದ ಹಾಗೆ ಉಬ್ಬಿ ಬಿದ್ದಿತ್ತು.

"ನನಗೆ ಹೇಳಬಹುದಿತ್ತು. ಹಾಕಿ, ನಾನೂ ಕೇಳ್ತೇನೆ."

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅವನಿಗೆ ನೆನಪಿಲ್ಲ. ರೆಕಾರ್ಡನ್ನು ಒಳಗೆ ಒಯ್ದ. ಹಾಕಿದ.

ದನಿ ಎಳೆದಾಡಿತು, ಅದುರಿತು.

"ಇವನಿಗೆ ಎಂತ, ಹುಷಾರಿಲ್ವಾ?"

"ಅವನು ಹಾಡುವುದೇ ಹಾಗೆ."

ಅವಳು ತಲೆಯಾಡಿಸಿ ಕಂಬಳಿಯ ಒಂದು ತುದಿಯನ್ನು ಅವನಿಗೂ ಹೊದೆಸಿದಳು. ಅದರಲ್ಲಿ ಬಿಸಿಲಿನ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಮೂರನೆಯ ಹಾಡು ಬಂತು, ಹೋಯಿತು. ಗಂಟಲು ಸಲೀಸಾಗಿತ್ತು.

ಮುಳ್ಳು ಆ ಉಬ್ಬನ್ನು ಹತ್ತುತ್ತಿತ್ತು, ಇಳಿಯುತ್ತಿತ್ತು. ಕೊನೆಯ ದಿನ ಅಮ್ಮನ ಎದೆ ಹೀಗೇ ಏರಿ ಇಳಿಯುವುದನ್ನು ಅವರಿಬ್ಬರೂ ಮಂಚದ ಪಕ್ಕ ಕೂತು ನೋಡಿದ್ದರು, ಯಾವಾಗ ನಿಂತೀತು ಎಂದು. ಈಗಲೂ ಹಾಗೆಯೇ ನೋಡುತ್ತಾ ಕೂತರು.