ತೊಂಬತ್ತೇಳರ ಕೈ

ಅಕ್ಕ ತಮ್ಮನನ್ನು ನಂಬಲಿಲ್ಲ, ಟಿ.ವಿ.ಯನ್ನು ನಂಬಿದಳು. ಆಸ್ಪತ್ರೆಯ ಹಜಾರದ ಪರದೆಯ ಮೇಲೆ ತರಬೇತಿ ವೈದ್ಯರ ಅಂಕಗಳು ದಿನವಿಡೀ ಓಡುತ್ತಿದ್ದವು. ಎಲ್ಲರಿಗಿಂತ ಮೇಲೆ ಒಬ್ಬ ಹುಡುಗಿ, ನೂರಕ್ಕೆ ತೊಂಬತ್ತೇಳು. ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡಿದ್ದ ಅಕ್ಕ ಸ್ಟ್ರೆಚರ್ ಮೇಲಿಂದಲೇ ಅದನ್ನು ಓದಿಕೊಂಡಿದ್ದಳು.

"ನನ್ನ ಜಡೆ ಎಳೆದ ಕೈಗೆ ನನ್ನ ಕಾಲು ಕೊಡಲ್ಲ ಕಣೋ. ನಾಳೆ ಆ ತೊಂಬತ್ತೇಳೇ ಸ್ಕ್ರೂ ಹಾಕ್ಲಿ."

ಮೂಳೆ ಡಾಕ್ಟರಾಗಿಯೇ ತಲೆ ನರೆಸಿಕೊಂಡಿದ್ದ ತಮ್ಮನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಅನುಮಾನ. ಮೂಳೆಗೆ ಡ್ರಿಲ್ ಇಡುವಾಗ ಎಂಥವರ ಕೈಯೂ ಒಂದು ಗಳಿಗೆ ಅಳುಕುತ್ತದೆ. ಇಲ್ಲದ ರೋಗಿಯನ್ನು ಕಣ್ಣಮುಂದೆ ಮೂಡಿಸುವ ತರಬೇತಿಯ ಕನ್ನಡಕ ತೊಟ್ಟ ಈ ಹುಡುಗಿಯದು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಅಂಕ ಕೊಡುವ ಯಂತ್ರ ನೋಡಿಕೊಳ್ಳುವ ಟೆಕ್ನೀಷಿಯನ್ ಜೊತೆ ಅವಳು ಟೀ ಕುಡಿಯುವುದನ್ನೂ ಡಾಕ್ಟರು ಗಮನಿಸಿದ್ದರು. ಬೆಳ್ಳಗಿರುವುದೆಲ್ಲ ಹಾಲೇ?

ಸಂಜೆ ತರಬೇತಿ ಕೋಣೆಗೆ ಹೋದರು. ಒಬ್ಬೊಬ್ಬರಿಗೆ ಒಂದೊಂದು ಮೇಜು, ಅದಕ್ಕೆ ಬಿಗಿದ ಪ್ಲಾಸ್ಟಿಕ್ ಮೂಳೆ. ಕನ್ನಡಕ ತೊಟ್ಟರೆ ಅದರ ಮೇಲೆ ಮಾಂಸ, ರಕ್ತ, ಮುರಿದ ಗೆರೆ ಎಲ್ಲ ಮೂಡುತ್ತವೆ. ಡ್ರಿಲ್ ಹೋಗಬೇಕಾದ ದಾರಿ ಹಸಿರಾಗಿ ಹೊಳೆಯುತ್ತದೆ.

"ಕೊಡಮ್ಮ ಇಲ್ಲಿ, ನಾನೂ ಒಂದ್ ಕೈ ನೋಡ್ತೀನಿ" ಎಂದು ಆ ಕನ್ನಡಕ ತೊಟ್ಟು ಅವಳ ಮೇಜಿನ ಮುಂದೆ ನಿಂತರು. ಡ್ರಿಲ್ ನೆಟ್ಟಗೆ ಇಳಿಯಿತು. ತೊಂಬತ್ತೆಂಟು.

"ಸರ್, ನೀವೇ ಫಸ್ಟ್!" ಟೆಕ್ನೀಷಿಯನ್ ಚಪ್ಪಾಳೆ ತಟ್ಟಿದ.

ಡಾಕ್ಟರು ಒಂದು ಗಳಿಗೆ ಉಬ್ಬಿದರು. ಆಮೇಲೆ ತಮ್ಮ ಕೈಯನ್ನೇ ಅನುಮಾನದಿಂದ ನೋಡಿಕೊಂಡರು. ಆ ಕೈ ಅವರಿಗೆ ಚೆನ್ನಾಗಿ ಗೊತ್ತು. ಅದು ಅಷ್ಟು ಒಳ್ಳೆಯದಲ್ಲ.

ತರಬೇತಿಯ ಕನ್ನಡಕ ತೆಗೆದು, ತಮ್ಮ ಹಳೆಯ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಮೂಳೆಯಲ್ಲಿ ಅಂಚು ಸವೆದು ನುಣುಪಾದ ಹಳೆಯ ತೂತು.

"ಮೂಳೆ ಬದಲಾಯಿಸೋದೇ ಇಲ್ವೇನಯ್ಯ?"

"ಯಾಕ್ ಸರ್? ಕನ್ನಡಕದಲ್ಲಿ ಪ್ರತಿ ಸಲ ಹೊಸದೇ ಕಾಣುತ್ತಲ್ಲ!"

ಎಲ್ಲರಿಗಿಂತ ಹೆಚ್ಚು ಅಭ್ಯಾಸ ಮಾಡಿದ್ದವಳು ಅವಳು. ಎಲ್ಲರಿಗಿಂತ ಚೆನ್ನಾಗಿ ಸವೆದದ್ದೂ ಅವಳದೇ ತೂತು. ಕಪಾಟಿನಿಂದ ಹೊಸ ಮೂಳೆ ತೆಗೆಸಿ ಬಿಗಿಸಿದರು. ಹುಡುಗಿ ಡ್ರಿಲ್ ಇಟ್ಟಳು. ತುದಿ ಹೋಗಬಾರದ ಕಡೆ ಹೋಗಿ ಆಚೆ ಬಂತು. ಐವತ್ತೆರಡು.

"ನಂಗೆ ಗೊತ್ತೇ ಇರ್ಲಿಲ್ಲ ಸರ್" ಎಂದಳು. ಮುಖದಲ್ಲಿ ರಕ್ತವಿರಲಿಲ್ಲ. ಟೀ ಬಗ್ಗೆ ಅನುಮಾನಪಟ್ಟದ್ದಕ್ಕೆ ಡಾಕ್ಟರಿಗೆ ನಾಚಿಕೆಯಾಯಿತು. ನಾಳೆ ಅವಳ ಕೈಗೆ ಡ್ರಿಲ್ ಕೊಡುವುದಿಲ್ಲ ಎಂದು ನಿರ್ಧರಿಸಿದ್ದಕ್ಕೆ ಮಾತ್ರ ಆಗಲಿಲ್ಲ.

ಸುದ್ದಿ ಕೇಳಿ ಅಕ್ಕ ಹುಬ್ಬು ಗಂಟಿಕ್ಕಿದಳು. "ಹೊಟ್ಟೆಕಿಚ್ಚು ಕಣೋ ನಿಂಗೆ!"

ತಮ್ಮ ಹಳೆಯ ಮೂಳೆಯನ್ನು ಅವಳ ಕೈಗಿಟ್ಟ. ಹೊತ್ತು ಹೋಗಲೆಂದು ಹೆಣೆಯುತ್ತಿದ್ದ ಸ್ವೆಟರಿನಿಂದ ಅಕ್ಕ ಒಂದು ಕಡ್ಡಿ ಎಳೆದು ತೂತಿಗೆ ಇಟ್ಟಳು. ತಳ್ಳುವ ಮೊದಲೇ ಅದು ನೆಟ್ಟಗೆ ಒಳಗೆ ಇಳಿಯಿತು.

"ಅಯ್ಯೋ, ನಂಗೂ ತೊಂಬತ್ತೇಳು ಬರುತ್ತಲ್ಲೋ!"

ಕಡ್ಡಿಯನ್ನು ಇನ್ನೆರಡು ಸಲ ಆಡಿಸಿ ನೋಡಿದಳು. ನಗು ತಾನಾಗಿ ಇಳಿಯಿತು.

"ನಾಳೆ ನೀನೇ ಬಾ. ಆ ಹುಡುಗೀನ ಪಕ್ಕದಲ್ಲಿ ನಿಲ್ಲಿಸ್ಕೋ, ನೋಡಿ ಕಲೀಲಿ. ಕನ್ನಡಕ ಮಾತ್ರ ನಿನ್ನ ಹಳೇದೇ ಸಾಕು."