ಮಾಸ್ಟರು ಬರೆಸಿದ ಪಾಕ

ಅಡುಗೆಯವನನ್ನು ಸಂಬಳ ಎಷ್ಟು ಅಂತ ಕೇಳಬಹುದು, ವಯಸ್ಸೆಷ್ಟು ಅಂತಲೂ ಕೇಳಬಹುದು. ಯಾವುದಕ್ಕೆ ಏನೇನು ಹಾಕುತ್ತೀಯ ಅಂತ ಪಾಕ ಮಾತ್ರ ಕೇಳಬಾರದು. ಕೇಳಿದರೆ ಹೇಳುವುದಿಲ್ಲ ಅಂತಲ್ಲ. ಕೂರಿಸಿಕೊಂಡು ಧಾರಾಳವಾಗಿ ಹೇಳುತ್ತಾನೆ. ತೊಂದರೆ ಇರುವುದೇ ಅಲ್ಲಿ.

ಆ ಹೋಟೆಲಿನ ಅಡುಗೆಯವರನ್ನು ಎಲ್ಲರೂ ಮಾಸ್ಟರು ಅಂತ ಕರೆಯುತ್ತಿದ್ದರು. ಅವರಿಗೆ ಸೌಟು ಹಿಡಿಯಲು ಕಲಿಸಿದ ಗುರು ಬಿಟ್ಟುಹೋದ ಆಸ್ತಿ ಒಂದೇ ಮಾತು: "ಕೇಳಿದೋರನ್ನ ಬರಿಗೈಲಿ ಕಳಿಸಬೇಡ. ಹಾಕದೇ ಇರೋದು ಮೂರು ಹೇಳು, ಹಾಕೋದು ಒಂದು ಮುಚ್ಚಿಡು." ಮಾಸ್ಟರು ಮುಚ್ಚಿಟ್ಟಿದ್ದು ಕಾಫಿ ಪುಡಿ. ಹೋಟೆಲಿಗೆ ಹೆಸರು ತಂದ 'ಕಪ್ಪು ಕೋಳಿ'ಯ ಗಟ್ಟಿ ರಸಕ್ಕೆ ಆ ಬಣ್ಣ, ಆ ರುಚಿ ಬರುತ್ತಿದ್ದದ್ದು ಹಂಡೆಗೆ ಒಂದು ಹಿಡಿ ಕಾಫಿ ಪುಡಿಯಿಂದ. ಬೆಳಿಗ್ಗೆ ಯಾರೂ ಬರುವ ಮೊದಲು ಸ್ಟೋರಿನ ಬೀಗ ತೆಗೆದು, ತಮ್ಮ ಅಡುಗೆಗೆ ತಾವೇ ಕಳ್ಳನ ಹಾಗೆ ಕಾಫಿ ಡಬ್ಬಿಗೆ ಕೈ ಹಾಕುತ್ತಿದ್ದರು. ಹೋಟೆಲಿನಲ್ಲಿ ಕಾಫಿಯೂ ಮಾರುತ್ತಿದ್ದರಿಂದ ಪುಡಿ ಖಾಲಿಯಾದರೆ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ.

ಕೇಳುವುದಕ್ಕೆ ಕೊನೆಗೆ ಒಂದು ಸಾಫ್ಟ್‌ವೇರ್ ಬಂತು. ತಂದವಳು ಯಜಮಾನರ ಮಗಳು. ಕೌಂಟರಿನಲ್ಲಿ ಬಿಲ್ ಹೊಡೆದ ಕೂಡಲೇ ಅದು ತಿನಿಸಿನ ಹೆಸರು ಹಿಡಿದು, ಅದಕ್ಕೆ ಹೊಂದುವ ಪಾಕವನ್ನು ತಾನೇ ಹುಡುಕಿ ಗಂಟು ಹಾಕುತ್ತದೆ. ಪಾಕದಲ್ಲಿರುವ ಸಾಮಾನನ್ನು ಸ್ಟೋರಿನ ಲೆಕ್ಕದಿಂದ ಕಳೆಯುತ್ತದೆ. ಮುಗಿಯುತ್ತಾ ಬಂದರೆ ಅಂಗಡಿಗೆ ತಾನೇ ಆರ್ಡರ್ ಕಳಿಸುತ್ತದೆ. ಮದುವೆ ದಲ್ಲಾಳಿಯ ಹಾಗೆ ಅದಕ್ಕೆ ಜೋಡಿ ಕೂಡಿಸುವ ಅವಸರ ಜಾಸ್ತಿ. ಮೊದಲ ದಿನವೇ 'ಹಾಲಿಲ್ಲದ ಚಹಾ'ವನ್ನು 'ಹಾಲು ಚಹಾ'ದ ಪಾಕಕ್ಕೆ ಕಟ್ಟಿ, ಕುಡಿಯದ ಹಾಲನ್ನೆಲ್ಲ ಲೆಕ್ಕದಲ್ಲಿ ಕುಡಿದುಬಿಟ್ಟಿತ್ತು. ಹುಡುಗಿ ಚುರುಕು, ಸಂಜೆಯೊಳಗೆ ಬಿಡಿಸಿ ಸರಿಯಾಗಿ ಕಟ್ಟಿದಳು.

"ಇನ್ನು ಕಪ್ಪು ಕೋಳಿದೊಂದು ಹೇಳಿಬಿಡಿ ಮಾಸ್ಟ್ರೇ," ಅಂತ ಅಡುಗೆಮನೆಗೇ ಬಂದು ಕೂತಳು.

ಯಜಮಾನರು ಇನ್ನೊಂದು ಹೋಟೆಲು ತೆರೆಯುವ ಸುದ್ದಿ ಆಗಲೇ ಹಬ್ಬಿತ್ತು. ಪಾಕ ಯಂತ್ರದೊಳಗೆ ಹೋದರೆ ಸೌಟು ಹಿಡಿಯಲು ಬರುವ ಯಾವನು ಬೇಕಾದರೂ ಅಲ್ಲಿ ಕಪ್ಪು ಕೋಳಿ ಮಾಡಬಹುದು, ಆಮೇಲೆ ಇಲ್ಲಿಯೂ ಮಾಡಬಹುದು. ಮಾಸ್ಟರಿಗೆ ಹೆದರಿಕೆಯಾಯಿತು. ಗುರುವನ್ನು ನೆನೆದು ಬಾಯಿ ತೆರೆದರು. "ಬರ್ಕೊಳಿ ಮೇಡಂ. ಬಾದಾಮಿ. ಜಾಯಿಕಾಯಿ. ಜೇನುತುಪ್ಪ, ಅದು ಮಾತ್ರ ಕೈಬಿಚ್ಚಿ."

"ಜೇನುತುಪ್ಪಾನಾ?"

"ಅದರಿಂದಲೇ ಆ ಬಣ್ಣ."

ಅವಳು ಬರೆದುಕೊಂಡಳು. ಯಂತ್ರ ಗಂಟು ಹಾಕಿತು. ಕಪ್ಪು ಕೋಳಿ ಬಿಸಿ ದೋಸೆಯಂತೆ ಖರ್ಚಾಗುವ ತಿನಿಸು. ಒಂದೊಂದು ಬಿಲ್ಲಿಗೂ ಯಂತ್ರ ಇಷ್ಟು ಜೇನು, ಇಷ್ಟು ಬಾದಾಮಿ ಅಂತ ಕಳೆಯುತ್ತಾ, ಮುಗಿಯಿತು ಮುಗಿಯಿತು ಅಂತ ಅಂಗಡಿಗೆ ಆರ್ಡರ್ ಕಳಿಸುತ್ತಾ ಹೋಯಿತು. ಸ್ಟೋರಿನಲ್ಲಿ ಜೇನಿನ ಬಾಟಲಿಗಳು ಮೊದಲು ಕಪಾಟು ಹತ್ತಿದವು, ಆಮೇಲೆ ಅಕ್ಕಿ ಮೂಟೆಯ ಮೇಲೆ ಕೂತವು, ಕೊನೆಗೆ ಬಾಗಿಲಿಗೇ ಅಡ್ಡ ನಿಂತವು.

ಸ್ಟೋರು ನೋಡಿಕೊಳ್ಳುತ್ತಿದ್ದವನು ಬೇರೆ ಯಾರೂ ಅಲ್ಲ, ಮಾಸ್ಟರ ಹೆಂಡತಿಯ ತಮ್ಮ. ಈ ಬಾಮೈದನನ್ನು ಕಂಡರೆ ಮಾಸ್ಟರಿಗೆ ಮೊದಲಿನಿಂದಲೂ ಆಗದು. ಮನೆಗೆ ಬಂದರೆ ನೇರವಾಗಿ ಹೋಗಿ ಮಾಸ್ಟರ ಕುರ್ಚಿಯಲ್ಲೇ ಕೂರುತ್ತಾನೆ, ಮಾಸ್ಟರ ಟವೆಲಿನಲ್ಲೇ ಮುಖ ಒರೆಸುತ್ತಾನೆ. ಅವನಲ್ಲಿದ್ದ ಒಳ್ಳೆಯ ಗುಣ ಒಂದೇ: ಭಾನುವಾರ ಬರುವಾಗ ಅಕ್ಕನಿಗೆ ಅಂತ ಒಂದು ಪೊಟ್ಟಣ ಕಾಫಿ ಪುಡಿ ತರುತ್ತಿದ್ದ. ಕುಡಿಯುವಾಗ ಮಾತ್ರ ಮಾಸ್ಟರು, "ಪರವಾಗಿಲ್ಲ, ಇದೊಂದು ವಿಷಯದಲ್ಲಿ ನಿನ್ನ ತಮ್ಮನಿಗೆ ರುಚಿ ಗೊತ್ತು ಕಣೇ," ಅನ್ನುತ್ತಿದ್ದರು.

ತಿಂಗಳ ಕೊನೆಗೆ ಯಜಮಾನರ ಮಗಳು ಸ್ಟೋರಿನ ಲೆಕ್ಕ ತೆಗೆದಳು. ಜೇನು, ಬಾದಾಮಿ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ಕಾಫಿ ಪುಡಿ ಕಡಿಮೆ. ಲೋಕದ ನ್ಯಾಯ ನಿಮಗೆ ಗೊತ್ತಲ್ಲ: ಹೆಚ್ಚಾದರೆ ಎಣಿಕೆ ತಪ್ಪು, ಕಡಿಮೆಯಾದರೆ ಕಳ್ಳತನ. ಯಜಮಾನರು ಜೇನಿನ ಬಾಟಲಿಯನ್ನು ಎಡವಿಕೊಂಡೇ ಒಳಗೆ ಬಂದು, ಕಾಫಿಯ ವಿಷಯಕ್ಕೆ ಬಾಮೈದನ ಮೇಲೆ ಹರಿಹಾಯ್ದರು.

"ಕಾಫಿ ಪುಡಿ ಎಲ್ಲಿ ಹೋಯ್ತೋ?"

ಬಾಮೈದ ಬೆವರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ, ಕಿಟಕಿಯ ಆಚೆ ನಿಂತಿದ್ದ ಮಾಸ್ಟರು ತಮ್ಮ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಶನಿವಾರದೊಳಗೆ ಲೆಕ್ಕ ಒಪ್ಪಿಸದಿದ್ದರೆ ಬಾಮೈದ ಮನೆಗೆ ಅಂತ ತೀರ್ಮಾನವಾಯಿತು.

ಮಾಸ್ಟರಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಪೀಡೆ ತೊಲಗಿತು ಅಂದುಕೊಂಡು ಶಿಳ್ಳೆ ಹಾಕುತ್ತಲೇ ಮನೆಗೆ ಹೋದರು. ಬಾಗಿಲಲ್ಲಿ ಹೆಂಡತಿ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು.

"ರೀ, ನನ್ನ ತಮ್ಮ ಕಳ್ಳನಾ?"

"ನನಗೇನು ಗೊತ್ತು?"

"ಕಳ್ಳ ಅನ್ನಿಸ್ಕೊಂಡು ಹೊರಗೆ ಬಿದ್ರೆ ಇನ್ನೆಲ್ಲಿ ಕೆಲಸ ಸಿಗುತ್ತೆ ಅವನಿಗೆ? ಬಾಡಿಗೆ ಯಾರು ಕಟ್ತಾರೆ? ಇಲ್ಲಿಗೇ ಬಂದಿರು ಅಂದಿದೀನಿ. ನಿಮ್ಮ ಕುರ್ಚಿ ಪಕ್ಕದಲ್ಲೇ ಹಾಸಿಗೆ ಹಾಕ್ತೀನಿ."

ಮಾಸ್ಟರ ಶಿಳ್ಳೆ ಗಂಟಲಲ್ಲೇ ಉಳಿಯಿತು. ಒಪ್ಪಿಕೊಂಡರೆ ಪಾಕ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಬಾಮೈದ ಬರುತ್ತಾನೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರಂತೆ ನುಂಗಲೂ ಆಗದೆ ಉಗುಳಲೂ ಆಗದೆ ಮಲಗಿದರು. ಆದರೆ ಅವರಿಗೆ ನಿದ್ದೆ ಕೆಡಿಸಿದ್ದು ಹಾಸಿಗೆಯ ವಿಷಯವಲ್ಲ. ಹೆಂಡತಿ ಆ ಕಡೆ ತಿರುಗಿ ಸದ್ದಿಲ್ಲದೆ ಅಳುತ್ತಿದ್ದಳು. ಮಾಡದ ತಪ್ಪಿಗೆ ಒಬ್ಬ ಕಳ್ಳನಾಗುತ್ತಿದ್ದಾನೆ, ಪುಡಿ ಹಾಕಿದ ಕೈ ತಮ್ಮದು. ಮಾಸ್ಟರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಬೆಳಿಗ್ಗೆ ಹೋಗಿ ಯಜಮಾನರ ಮಗಳ ಮುಂದೆ ನಿಂತರು. "ಮೇಡಂ, ಬಾದಾಮಿ ಇಲ್ಲ. ಜಾಯಿಕಾಯಿ ಇಲ್ಲ. ಜೇನಂತೂ ಇಲ್ಲವೇ ಇಲ್ಲ. ಹಂಡೆಗೆ ಒಂದು ಹಿಡಿ ಕಾಫಿ ಪುಡಿ. ಅಷ್ಟೇ."

ಅವಳು ನಗಲಿಲ್ಲ, ಬಯ್ಯಲೂ ಇಲ್ಲ. "ಕಪ್ಪು ಕೋಳಿ ಜಾಸ್ತಿ ಹೋದ ದಿನವೇ ಕಾಫಿ ಜಾಸ್ತಿ ಖಾಲಿ ಆಗ್ತಿತ್ತು ಮಾಸ್ಟ್ರೇ. ನಿನ್ನೆ ರಾತ್ರಿ ಕೂತು ನೋಡಿದೆ. ನೀವೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ," ಅಂದಳು. ಹಳೆಯ ಪಾಕದ ಗಂಟು ಬಿಚ್ಚಿ ಹೊಸದು ಕಟ್ಟಿದಳು. ಅದೇ ವಾರ ಹೊಸ ಹೋಟೆಲಿನ ಅಡುಗೆಯವನು ಬಂದು, ಯಂತ್ರದ ಮುಂದೆ ನಿಂತು ಕಪ್ಪು ಕೋಳಿಯ ಪಾಕವನ್ನು ಫೋನಿಗೆ ಇಳಿಸಿಕೊಂಡು ಹೋದ. ಅಷ್ಟು ವರ್ಷ ಕಾಪಾಡಿದ ಗುಟ್ಟು ಒಂದು ಬೆರಳಿಗೆ ಸಿಕ್ಕಿತ್ತು. ಮಾಸ್ಟರ ಹೊಟ್ಟೆ ಉರಿದುಹೋಯಿತು, ಆದರೂ ಮನೆಯಲ್ಲಿ ಹೆಂಡತಿ ಮೊದಲಿನಂತೆ ಮಾತಾಡುತ್ತಿದ್ದಳಲ್ಲ ಅಂತ ಸಮಾಧಾನ ಮಾಡಿಕೊಂಡರು.

ಮುಂದಿನ ತಿಂಗಳ ಲೆಕ್ಕ ಬಂತು. ಯಜಮಾನರ ಮಗಳು ಭಾವ ಬಾಮೈದ ಇಬ್ಬರನ್ನೂ ಕರೆಸಿದಳು.

"ಜೇನು ಸರಿ ಇದೆ, ಬಾದಾಮಿ ಸರಿ ಇದೆ. ಕಾಫಿ ಇನ್ನೂ ಸ್ವಲ್ಪ ಕಡಿಮೆ ಬರ್ತಿದೆ. ಹೆಚ್ಚೇನಿಲ್ಲ, ವಾರಕ್ಕೆ ಒಂದು ಪೊಟ್ಟಣದಷ್ಟು."

ಮಾಸ್ಟರು ಬಾಮೈದನ ಕಡೆ ನೋಡಿದರು. ಬಾಮೈದ ಸೂರಿನ ಕಡೆ ನೋಡಿದ. ವಾರಕ್ಕೆ ಒಂದು ಪೊಟ್ಟಣ. ಮಾಸ್ಟರ ನಾಲಿಗೆಯ ಮೇಲೆ ಭಾನುವಾರಗಳ ಕಾಫಿಯೆಲ್ಲ ಒಟ್ಟಿಗೆ ಬಂದು ಕೂತಿತು. ಇಷ್ಟು ವರ್ಷ ಕುರ್ಚಿಯಲ್ಲಿ ಕಾಲಾಡಿಸುತ್ತಾ ಹೀರಿದ್ದು, ಹೊಗಳಿದ್ದು, ಇನ್ನರ್ಧ ಲೋಟ ಕೇಳಿ ಕುಡಿದದ್ದು! ಈ ಅಯೋಗ್ಯನನ್ನು ಉಳಿಸಲು ಹೋಗಿ ತಮ್ಮ ಜೀವಮಾನದ ಗುಟ್ಟು ಕಳಕೊಂಡಿದ್ದರು. ಈಗಲೇ ಕೊರಳಪಟ್ಟಿ ಹಿಡಿದು ಒಪ್ಪಿಸಿಬಿಡಬೇಕು ಅನ್ನಿಸಿತು. ಬಾಮೈದನ ತುಟಿ ನಡುಗುತ್ತಿತ್ತು. ಅಳು ತಡೆಯುವಾಗ ಅವನ ಅಕ್ಕನ ತುಟಿಯೂ ಹಾಗೆಯೇ ನಡುಗುತ್ತಿತ್ತು.

"ಒಂದು ಹಿಡಿ ಅಂದಿದ್ನಲ್ಲ ಮೇಡಂ," ಅಂದರು ಮಾಸ್ಟರು, ಅಗಲವಾದ ಅಂಗೈಯನ್ನು ಮೇಜಿನ ಮೇಲಿಟ್ಟು. "ನನ್ನ ಹಿಡಿ ನೋಡಿ. ಒಂದೂವರೆ ಅಂತ ಬರ್ಕೊಳಿ."

ಅವಳು ಆ ಕೈಯನ್ನೂ ಬಾಮೈದನ ಮುಖವನ್ನೂ ಒಂದು ಗಳಿಗೆ ನೋಡಿ, ಒಂದೂವರೆ ಅಂತ ಬರೆದಳು.

ಆ ಭಾನುವಾರ ಬಾಮೈದ ಮೊದಲ ಸಲ ಬರಿಗೈಯಲ್ಲಿ ಬಂದು, ಕುರ್ಚಿಯ ಕಡೆ ಸುಳಿಯದೆ ಬಾಗಿಲಲ್ಲೇ ನಿಂತ.

"ಕಾಫಿ ಪುಡಿ ಮುಗಿದಿದೆ. ಯಾಕೋ ತಂದಿಲ್ಲ?" ಅಂದಳು ಅಕ್ಕ.

"ಚಹಾ ಮಾಡೇ," ಅಂದರು ಮಾಸ್ಟರು. ಎದ್ದು ಕುರ್ಚಿಯನ್ನು ಕಾಲಿನಿಂದ ಬಾಮೈದನ ಕಡೆ ತಳ್ಳಿದರು. "ಕೂತು ಸಾಯಿ."

ಅವನು ಅಂಚಿನಲ್ಲಿ ಕೂತ. ಇಬ್ಬರಿಗೂ ಚಹಾ ಸೇರದು. ಇಬ್ಬರೂ ಔಷಧಿ ಕುಡಿಯುವವರಂತೆ ಕುಡಿದರು. ಲೋಟ ಅರ್ಧವಾದ ಮೇಲೆ ಬಾಮೈದ ಮೆಲ್ಲಗೆ ಬಾಯಿ ಬಿಟ್ಟ.

"ಭಾವ, ಹೊಸ ಹೋಟ್ಲು ಕಪ್ಪು ಕೋಳಿ ತಿಂದೋರೆಲ್ಲ ಮುಖ ಹಿಂಡ್ಕೊಂಡು ಎದ್ದು ಬರ್ತಿದಾರಂತೆ. ಬಾಯಿಗಿಟ್ರೆ ಕಹಿಯಂತೆ. ಅಲ್ಲಿಯೋನ ಫೋನಿಗೂ ತಿದ್ದಿದ ಪಾಕ ತಾನಾಗೇ ಹೋಗಿದೆ, ಅದರಲ್ಲಿದ್ದ ಹಾಗೇ ಹಾಕ್ತಾ ಇದಾನಂತೆ, ಒಂದೂವರೆ ಹಿಡಿ."

ಮಾಸ್ಟರು ಲೋಟ ಕೆಳಗಿಟ್ಟರು. ಬಾಮೈದನ ಮಾತಿಗೆ ಒಮ್ಮೆಯೂ ನಗದ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಳ್ಳಲು ತಮ್ಮ ಟವೆಲಿಗೆ ಕೈ ಚಾಚಿದರು. ಅದು ಆಗಲೇ ಬಾಮೈದನ ಕೈಯಲ್ಲಿತ್ತು.